ರೋಮನ್ ಗೋಡೆ ಓದುವುದು ಹೇಗೆ? ಮುರಿದ ಜಾಗದಿಂದ ಶುರು ಮಾಡಿ

ರೋಮ್‌ಗೆ ಹೋದವರು ಕೊಲೊಸಿಯಂ ಮುಂದೆ ನಿಂತು ಫೋಟೊ ತೆಗೆಸಿಕೊಂಡು ಬರುತ್ತಾರೆ. ತಪ್ಪೇನಿಲ್ಲ. ಆದರೆ ಅದೇ ಊರಲ್ಲಿ ರೈಲ್ವೆ ಸ್ಟೇಷನ್ನಿನ ಪಕ್ಕ, ಟ್ರಾಫಿಕ್ ಸಿಗ್ನಲ್ಲಿನ ಹಿಂದೆ, ಸಾವಿರಾರು ವರ್ಷದ ಗೋಡೆಗಳು ಸುಮ್ನೆ ನಿಂತಿವೆ. ಎಲ್ಲಿ ಕಣ್ಣು ಹಾಕಬೇಕು ಅಂತ ಗೊತ್ತಿದ್ದರೆ ಒಂದೊಂದರ ಮುಂದೆಯೂ ಅರ್ಧ ಗಂಟೆ ಕಳೆಯಬಹುದು. ಯಾರು ಮೊದಲು ಏನಿಟ್ಟರು, ಸಾರುವೆ ಎಲ್ಲಿ ಕಟ್ಟಿದರು, ಯಾವ ಕಾಲದ ಕೆಲಸ, ಎಲ್ಲವೂ ಗೋಡೆಯ ಮೇಲೇ ಇರುತ್ತದೆ.

ಬೇಕಾದ ಸಾಮಾನು ಕಡಿಮೆ. ಒಂದು ಅಳತೆ ಟೇಪು, ಮೊಬೈಲ್ ಟಾರ್ಚ್, ಮತ್ತೆ ಒಂದು ಎ4 ಹಾಳೆ. ಹಾಳೆ ಯಾಕೆ ಅಂದರೆ, ರೋಮನ್ ಅಡಿ ಸುಮಾರು 29.6 ಸೆಂ.ಮೀ. ಎ4 ಹಾಳೆಯ ಉದ್ದ 29.7 ಸೆಂ.ಮೀ. ಜೇಬಲ್ಲಿ ಮಡಿಸಿಟ್ಟುಕೊಂಡ ರೋಮನ್ ಅಡಿಕೋಲು ಅಂತಲೇ ಅಂದುಕೊಳ್ಳಿ. ರೋಮ್‌ಗೆ ಹೋಗುವ ಯೋಚನೆ ಇಲ್ಲದವರು ಇಂಟರ್ನೆಟ್ಟಿನಲ್ಲಿ ಸಿಗುವ ದೊಡ್ಡ ಫೋಟೊಗಳನ್ನು ಇಟ್ಟುಕೊಂಡೇ ಮುಂದಿನ ಹೆಜ್ಜೆಗಳಲ್ಲಿ ಬಹುಪಾಲನ್ನು ಮಾಡಬಹುದು.

ಹೆಜ್ಜೆ 1: ಮುಖ ನೋಡಬೇಡಿ, ಮುರಿದ ಜಾಗ ಹುಡುಕಿ

ಗೋಡೆಯ ಮುಂದೆ ನಿಂತ ಕೂಡಲೇ ಕಣ್ಣು ಇಟ್ಟಿಗೆಯ ಮೇಲೆ ಹೋಗುತ್ತದೆ. ಅಲ್ಲೇ ಮೋಸ ಹೋಗುವುದು. ಮೊದಲು ಗೋಡೆ ಎಲ್ಲಿ ಕುಸಿದಿದೆ, ಎಲ್ಲಿ ತುದಿ ಮುರಿದು ಒಳಗಿನದು ಕಾಣುತ್ತಿದೆ, ಅಲ್ಲಿಗೆ ಹೋಗಿ.

ನಮ್ಮ ಮನೆ ಗೋಡೆ ಒಡೆದರೆ ಒಳಗೂ ಇಟ್ಟಿಗೆಯೇ ಇರುತ್ತದೆ. ರೋಮನ್ ಗೋಡೆಯಲ್ಲಿ ಹಾಗಲ್ಲ. ಎರಡು ಬದಿಗೆ ಗೇಣಿಗಿಂತ ಕಡಿಮೆ ದಪ್ಪದ ಇಟ್ಟಿಗೆ, ನಡುವೆ ಪೂರ್ತಿ ಗಾರೆ ಮತ್ತು ಮುಷ್ಟಿ ಗಾತ್ರದ ಕಲ್ಲು. ಹೋಳಿಗೆ ಇದ್ದ ಹಾಗೆ. ಇಟ್ಟಿಗೆ ಕಣಕ, ಗೋಡೆ ಅನ್ನುವುದು ಒಳಗಿನ ಹೂರಣ. ಆ ಹೂರಣಕ್ಕೆ ಲ್ಯಾಟಿನ್ನಿನಲ್ಲಿ ಓಪಸ್ ಕೆಮೆಂಟೀಸಿಯಮ್ ಅನ್ನುತ್ತಾರೆ. ಕೆಮೆಂಟಾ ಅಂದರೆ ಒಡೆದ ಕಲ್ಲು. ನಮ್ಮ ‘ಸಿಮೆಂಟ್’ ಪದದ ಬೇರು ಅದೇ. ಆದರೆ ಅವರಿಗೆ ಅದು ಕಲ್ಲಿನ ಹೆಸರು, ಪುಡಿಯದ್ದಲ್ಲ.

ಈ ಒಂದು ವಿಷಯ ತಲೆಯಲ್ಲಿದ್ದರೆ ಉಳಿದಿದ್ದೆಲ್ಲ ಸುಲಭ. ರೋಮ್‌ನ ‘ಇಟ್ಟಿಗೆ ಕಟ್ಟಡ’ಗಳಲ್ಲಿ ಬಹುಪಾಲು ಇಟ್ಟಿಗೆಯ ಚರ್ಮ ಹೊದ್ದ ಕಾಂಕ್ರೀಟು.

ಈಗ ಒಳಭಾಗಕ್ಕೆ ಟಾರ್ಚ್ ಹಾಕಿ. ಕಲ್ಲುಗಳು ಅಡ್ಡಾದಿಡ್ಡಿ ಬಿದ್ದಿವೆಯೇ, ಇಲ್ಲ ಸಾಲಾಗಿ ಕೂತಿವೆಯೇ? ಬಹಳ ಕಡೆ ಮಲಗಿದ ಸಾಲುಗಳು ಕಾಣುತ್ತವೆ. ಇವತ್ತಿನ ಹಾಗೆ ಕಾಂಕ್ರೀಟನ್ನು ಕಲಸಿ ಸುರಿಯುತ್ತಿರಲಿಲ್ಲ. ಗಾರೆಯವನು ಎರಡು ಬದಿಯ ಚರ್ಮವನ್ನು ಕೆಲವು ವರಸೆ ಎತ್ತರಿಸುತ್ತಿದ್ದ. ನಡುವೆ ಗಟ್ಟಿ ಗಾರೆ ಹರಡಿ, ಕಲ್ಲುಗಳನ್ನು ಕೈಯಿಂದಲೇ ಅದರಲ್ಲಿ ಒತ್ತಿ ಕೂರಿಸುತ್ತಿದ್ದ. ಮೇಲೆ ಮತ್ತೆ ಗಾರೆ, ಮತ್ತೆ ಕಲ್ಲು. ಚರ್ಮವೇ ಸೆಂಟ್ರಿಂಗ್ ಹಲಗೆಯ ಕೆಲಸ ಮಾಡುತ್ತಿತ್ತು. ಕೆಲಸ ಮುಗಿದ ಮೇಲೆ ಬಿಚ್ಚುವ ಗೋಜೂ ಇಲ್ಲ.

ಪಾಯದಲ್ಲಿ ಮಾತ್ರ ನಿಜವಾದ ಹಲಗೆ ಬಳಸಿದರು. ಗುಂಡಿ ತೋಡಿ, ಉದ್ದಕ್ಕೆ ಮರದ ಕಂಬ ನಿಲ್ಲಿಸಿ, ಹಲಗೆ ಹೊಡೆದು, ಒಳಗೆ ತುಂಬಿದರು. ಮರ ಕೊಳೆತು ಹೋಗಿದೆ. ಆದರೆ ಅಗೆದು ಬಯಲಾದ ಪಾಯಗಳ ಮೇಲೆ ಕಂಬ ನಿಂತ ಉದ್ದುದ್ದ ತೋಡು, ಹಲಗೆಯ ಅಡ್ಡ ಗೆರೆ ಈಗಲೂ ಅಚ್ಚಾಗಿ ಕಾಣುತ್ತವೆ. ನೆಲಮಟ್ಟದ ಕೆಳಗೆ ಬಗ್ಗಿ ನೋಡುವುದನ್ನು ಮರೆಯಬೇಡಿ.

ಹೆಜ್ಜೆ 2: ಚರ್ಮ ಯಾವುದು ಅಂತ ಗುರುತು ಹಿಡಿಯಿರಿ

ಮೊದಲು ಹೂರಣವೇ ಇಲ್ಲದ ಗೋಡೆಯನ್ನು ಬೇರೆ ಮಾಡಿ. ದೊಡ್ಡ ದೊಡ್ಡ ಸೈಜುಗಲ್ಲುಗಳನ್ನು ಗಾರೆಯಿಲ್ಲದೆ ಒಂದರ ಮೇಲೊಂದು ಕೂರಿಸಿದ್ದರೆ ಅದು ಓಪಸ್ ಕ್ವಾಡ್ರಾಟಮ್. ರೋಮ್‌ನ ಟರ್ಮಿನಿ ರೈಲ್ವೆ ಸ್ಟೇಷನ್ನಿನ ಹೊರಗೇ ಇದರ ಒಳ್ಳೆಯ ತುಂಡು ನಿಂತಿದೆ. ಅದು ‘ಸರ್ವಿಯನ್ ಗೋಡೆ’, ಊರಿನ ಹಳೆಯ ಕೋಟೆಗೋಡೆ, ಕ್ರಿ.ಪೂ. 4ನೇ ಶತಮಾನದ್ದು. ಕಲ್ಲು ಟಫ್, ಅಂದರೆ ಜ್ವಾಲಾಮುಖಿಯ ಬೂದಿ ಗಟ್ಟಿಯಾಗಿ ಆದ ಮೆತ್ತನೆಯ ಕಲ್ಲು. ಕ್ರಿ.ಪೂ. 396ರಲ್ಲಿ ಗೆದ್ದ ವೇಯಿ ಊರಿನ ಕಡೆಯ ಗಣಿಗಳಿಂದ ಬಂದದ್ದು ಇದರಲ್ಲಿ ಜಾಸ್ತಿ. ಟ್ರೈನಿಗೆ ಕಾಯುವ ಹೊತ್ತಲ್ಲೇ ನೋಡಿ ಮುಗಿಸಬಹುದು.

ಹೂರಣ ಇರುವ ಗೋಡೆಗಳಲ್ಲಿ ಹಳೆಯ ಚರ್ಮ ಓಪಸ್ ಇನ್ಸರ್ಟಮ್. ಕ್ರಿ.ಪೂ. 2ನೇ ಶತಮಾನದ್ದು ಹೆಚ್ಚು. ಅಂಗೈಯಗಲದ ಕಾಡುಗಲ್ಲುಗಳನ್ನು ಹೇಗೆ ಹೊಂದುತ್ತವೋ ಹಾಗೆ ಕೂರಿಸಿರುತ್ತಾರೆ. ಲೆಕ್ಕವಿಲ್ಲ, ಸಾಲಿಲ್ಲ. ರೋಮ್ ಹತ್ತಿರದ ಪಾಲೆಸ್ಟ್ರೀನಾ ಊರಿನ ಫೋರ್ಚುನಾ ದೇವಿಯ ದೇವಾಲಯದ ಬೆಟ್ಟವಿಡೀ ಇದೇ ಕೆಲಸ.

ಆಮೇಲೆ ಬಂದದ್ದು ನೋಡಲು ತುಂಬ ಚಂದದ್ದು, ಓಪಸ್ ರೆಟಿಕ್ಯುಲಾಟಮ್. ರೆಟಿಕ್ಯುಲಮ್ ಅಂದರೆ ಪುಟ್ಟ ಬಲೆ. ಗೋಡೆಯ ಮೇಲೆ ಮೀನಿನ ಬಲೆ ಹರಡಿದ ಹಾಗೆ ಕಾಣುತ್ತದೆ. ಪ್ರತಿ ಕಲ್ಲೂ ತುದಿ ಮೊಂಡಾದ ಪುಟ್ಟ ಪಿರಮಿಡ್. ಚೌಕದ ತಳ ಹೊರಗೆ, ಮೂತಿ ಒಳಗೆ. ಹೊರಮುಖ ಸಾಮಾನ್ಯವಾಗಿ 6ರಿಂದ 10 ಸೆಂ.ಮೀ. ಚೌಕವನ್ನು ನೇರವಾಗಿ ಇಡದೆ ಮೂಲೆಯ ಮೇಲೆ ನಿಲ್ಲಿಸಿರುತ್ತಾರೆ. ಒಂದೇ ಅಳತೆಯ ಕಲ್ಲನ್ನು ಮೊದಲೇ ರಾಶಿಗಟ್ಟಲೆ ಕಡೆದಿಟ್ಟುಕೊಂಡರೆ ಆಯ್ತು, ಆಮೇಲೆ ಜೋಡಿಸುವವನು ಪ್ರತಿ ಕಲ್ಲಿಗೂ ತಲೆ ಕೆಡಿಸಿಕೊಳ್ಳಬೇಕಿಲ್ಲ.

ಇದಕ್ಕೊಂದು ಹಳೆಯ ದೂರು ಇದೆ. ಕ್ರಿ.ಪೂ. 1ನೇ ಶತಮಾನದ ಕೊನೆಯಲ್ಲಿ ಬರೆದ ವಾಸ್ತುಗಾರ ವಿಟ್ರೂವಿಯಸ್, ಬಲೆಗೋಡೆ ಚಂದವೇನೋ ಹೌದು, ಆದರೆ ಬಿರುಕು ಬಿಡುತ್ತದೆ, ಹಳೆಯ ಕಾಡುಗಲ್ಲಿನ ಗೋಡೆಯೇ ಗಟ್ಟಿ ಅಂತ ಹೇಳುತ್ತಾನೆ. ಓರೆ ಸಂದುಗಳು ನೇರ ಗೆರೆಯಾಗಿ ಮೇಲಿಂದ ಕೆಳಗೆ ಓಡುತ್ತವಲ್ಲ, ಬಿರುಕಿಗೆ ದಾರಿ ಮಾಡಿಕೊಟ್ಟ ಹಾಗೆ. ಅವನ ಮಾತಲ್ಲಿ ಅರ್ಥವಿದೆ. ಹಾಗಿದ್ದೂ ಅವನು ಬೈದ ಗೋಡೆಗಳು ಊರೂರಲ್ಲಿ ನಿಂತೇ ಇವೆ, ಯಾಕೆಂದರೆ ಭಾರ ಹೊರುವುದು ಹೂರಣ. ಬಲೆಗೋಡೆ ಸಿಕ್ಕಾಗ ಮೂಲೆ ನೋಡಿ. ಮೂಲೆಯ ಮೇಲೆ ನಿಂತ ಚೌಕದಿಂದ ಗೋಡೆಯ ಅಂಚು ಕಟ್ಟಲು ಆಗುವುದಿಲ್ಲ. ಹಾಗಾಗಿ ಅಂಚಿಗೆ, ಬಾಗಿಲ ಪಕ್ಕಕ್ಕೆ ಇಟ್ಟಿಗೆ ಅಥವಾ ಉದ್ದ ಕಲ್ಲನ್ನು ಹಲ್ಲುಹಲ್ಲಾಗಿ ಸೇರಿಸಿರುತ್ತಾರೆ.

ಪೂರ್ತಿ ಇಟ್ಟಿಗೆಯ ಚರ್ಮ, ಓಪಸ್ ಟೆಸ್ಟೇಸಿಯಮ್, ಜೋರಾಗಿ ಬಂದದ್ದು ಕ್ರಿ.ಶ. 1ನೇ ಶತಮಾನದಲ್ಲಿ. ಚಕ್ರವರ್ತಿ ಟೈಬೀರಿಯಸ್ ಕಾಲದ ಸೈನ್ಯದ ಪಾಳೆಯ ಕಾಸ್ಟ್ರಾ ಪ್ರಿಟೋರಿಯಾ ಮೊದಮೊದಲ ದೊಡ್ಡ ಕೆಲಸ. ಟರ್ಮಿನಿಯಿಂದ ನಡೆದೇ ಹೋಗಬಹುದು. ಬಲೆಯ ನಡುವೆ ಇಟ್ಟಿಗೆಯ ಪಟ್ಟಿಗಳಿದ್ದರೆ ಓಪಸ್ ಮಿಕ್ಸ್‌ಟಮ್. ರೋಮ್ ಹತ್ತಿರದ ತೀವೊಲಿಯಲ್ಲಿ ಚಕ್ರವರ್ತಿ ಹೇಡ್ರಿಯನ್ ಅರಮನೆಯಲ್ಲಿ ಬೇಕಾದಷ್ಟಿದೆ. ಇಟ್ಟಿಗೆ ಸಾಲು, ಟಫ್ ಕಲ್ಲಿನ ಸಾಲು ಒಂದಾದ ಮೇಲೊಂದು ಬಂದರೆ ಓಪಸ್ ವಿಟ್ಟಾಟಮ್. ರೋಮ್‌ನಲ್ಲಿ ಇದು 4ನೇ ಶತಮಾನದ ಶುರುವಿನ ಗುರುತು. ಆಪಿಯಾ ರಸ್ತೆಯಲ್ಲಿ ಚಕ್ರವರ್ತಿ ಮ್ಯಾಕ್ಸೆನ್ಷಿಯಸ್ ಕಟ್ಟಿಸಿದ ರಥದ ಮೈದಾನಕ್ಕೆ ಹೋದರೆ ಗೋಡೆಯುದ್ದಕ್ಕೂ ಅದೇ.

ಹೆಜ್ಜೆ 3: ಇಟ್ಟಿಗೆ ಅಳೆಯಿರಿ

ರೋಮನ್ ಇಟ್ಟಿಗೆ ನಮ್ಮದರ ಹಾಗೆ ಉದ್ದದ ಪೆಟ್ಟಿಗೆಯಲ್ಲ. ಚಪ್ಪಟೆ ಚೌಕ, ಬಿಲ್ಲೆಯ ಹಾಗೆ. ದಪ್ಪ ಸುಮಾರು 4 ಸೆಂ.ಮೀ. ಅಷ್ಟೆ. ಮೂರು ಅಳತೆ ನೆನಪಿಟ್ಟುಕೊಳ್ಳಿ. ಬೆಸ್ಸಾಲಿಸ್, ಅಡಿಯಲ್ಲಿ ಮೂರನೇ ಎರಡು ಪಾಲು, 19.7 ಸೆಂ.ಮೀ. ಸೆಸ್ಕ್ವಿಪೆಡಾಲಿಸ್, ಒಂದೂವರೆ ಅಡಿ. ಬಿಪೆಡಾಲಿಸ್, ಎರಡಡಿ, ಅಂದರೆ 59 ಸೆಂ.ಮೀ. ಆಸುಪಾಸು. ಕೊನೆಯದು ಇಟ್ಟಿಗೆ ಅನ್ನುವುದಕ್ಕಿಂತ ಚಪ್ಪಡಿಯೇ ಸರಿ.

ಗೋಡೆಯ ಮುಖದಲ್ಲಿ ಕಾಣುವುದು ಹೆಚ್ಚಾಗಿ ಬೆಸ್ಸಾಲಿಸ್‌ನ ತುಂಡು. ಚೌಕವನ್ನು ಮೂಲೆಯಿಂದ ಮೂಲೆಗೆ ಕತ್ತರಿಸಿ ತ್ರಿಕೋನ ಮಾಡುತ್ತಿದ್ದರು. ತ್ರಿಕೋನದ ಉದ್ದ ಬದಿ ಹೊರಗೆ, ಚೂಪು ಮೂಲೆ ಒಳಗೆ. ಚೂಪು ಭಾಗ ಹೂರಣಕ್ಕೆ ಹಲ್ಲು ಕಚ್ಚಿದ ಹಾಗೆ ಹಿಡಿಯುತ್ತದೆ. ಜೊತೆಗೆ ಒಂದು ಇಟ್ಟಿಗೆಯಿಂದ ಎರಡು ಮುಖ ಸಿಕ್ಕಿತು. ಉಳಿತಾಯವೂ ಆಯ್ತು, ಹಿಡಿತವೂ ಆಯ್ತು. ಮುರಿದ ಜಾಗದಲ್ಲಿ ಮೇಲಿನಿಂದ ಇಣುಕಲು ಸಾಧ್ಯವಾದರೆ ಗರಗಸದ ಹಲ್ಲಿನಂತೆ ತ್ರಿಕೋನಗಳ ಸಾಲು ಕಾಣುತ್ತದೆ. ಮುಂದಿನಿಂದ ನೋಡಿ ಇದನ್ನು ಊಹಿಸಲು ಆಗುವುದೇ ಇಲ್ಲ. ಅದಕ್ಕೇ ಮೊದಲು ಮುರಿದ ಕಡೆ ಹೋಗಿ ಅಂದದ್ದು.

ಮುಖದ ಕೆಲವು ತುಂಡು ಇಟ್ಟಿಗೆಯೇ ಅಲ್ಲದಿರಬಹುದು. ಹಳೆಯ ಹೆಂಚನ್ನು ಅಂಚು ಒಡೆದು ಬಳಸುವುದು ಮಾಮೂಲು. ಮಾಡಿನ ಮೇಲೆ ಮಳೆ ಬಿಸಿಲು ತಿಂದ ಹೆಂಚೇ ಗೋಡೆಗೆ ಒಳ್ಳೆಯದು ಅಂತ ವಿಟ್ರೂವಿಯಸ್ ಕೂಡ ಹೇಳುತ್ತಾನೆ. ಸರಿಯಾಗಿ ಸುಡದ ಹೆಂಚಿದ್ದರೆ ಅಷ್ಟರಲ್ಲೇ ಬಣ್ಣ ಬಯಲಾಗಿರುತ್ತದೆ, ಅಲ್ವಾ?

ಈಗ ಅಳತೆ. ಒಂದು ಇಟ್ಟಿಗೆ ಅಳೆದು ಪ್ರಯೋಜನವಿಲ್ಲ. ಐದು ಇಟ್ಟಿಗೆ ಮತ್ತು ಐದು ಸಂದು ಸೇರಿಸಿ ಎತ್ತರ ಅಳೆಯಿರಿ. ಪುರಾತತ್ವದವರು ಮಾಡುವುದೂ ಹೀಗೇ. ಮೂರು ನಾಲ್ಕು ಕಡೆ ಅಳೆದು ಸರಾಸರಿ ತೆಗೆಯಿರಿ. ಒಳ್ಳೆಯ ಕಾಲದ ಕೆಲಸದಲ್ಲಿ ಸಂದು ತೆಳು. ಕಾಲ ಕಳೆದ ಹಾಗೆ ಗಾರೆ ಜಾಸ್ತಿ, ಇಟ್ಟಿಗೆ ಕಡಿಮೆ. 4ನೇ ಶತಮಾನದ ಹಲವು ಗೋಡೆಗಳಲ್ಲಿ ಸಂದಿನ ದಪ್ಪ ಇಟ್ಟಿಗೆಯ ಹತ್ತಿರಕ್ಕೇ ಬರುತ್ತದೆ. 1900ರ ದಶಕದ ಶುರುವಿನಲ್ಲಿ ಎಸ್ತರ್ ವ್ಯಾನ್ ಡೀಮನ್ ಎಂಬ ಅಮೆರಿಕದ ವಿದ್ವಾಂಸೆ ರೋಮ್‌ನ ಗೋಡೆಗಳನ್ನು ಹೀಗೆ ಅಳೆಯುತ್ತ ತಿರುಗಿ ಕಾಲ ಹೇಳುವ ಪದ್ಧತಿ ಕಟ್ಟಿದರು.

ಅಳೆಯುವಾಗ ಟೇಪನ್ನು ಗೋಡೆಗೆ ಉಜ್ಜಬೇಡಿ. ಬಿದ್ದ ಚೂರನ್ನು ನೆನಪಿಗೆ ಅಂತ ಜೇಬಿಗೆ ಹಾಕಿಕೊಳ್ಳಬೇಡಿ. ಇಟಲಿಯಲ್ಲಿ ಅದು ಅಪರಾಧ.

ಹೆಜ್ಜೆ 4: ತೂತುಗಳ ಲೆಕ್ಕ ಹಾಕಿ

ಗೋಡೆಯಿಂದ ಹತ್ತು ಹೆಜ್ಜೆ ಹಿಂದೆ ಬನ್ನಿ. ಕೈಮುಷ್ಟಿ ಹೋಗುವಷ್ಟು ಚೌಕದ ತೂತುಗಳು ಸಾಲಾಗಿ ಕಾಣುತ್ತವೆಯೇ? ಅವು ಸಾರುವೆಯ ಅಡ್ಡಮರ ತೂರಿಸಿದ ಜಾಗ. ಗಾರೆಯವರು ನಿಂತಲ್ಲಿಂದ ಕೈಗೆ ಎಟಕುವಷ್ಟು ಕಟ್ಟಿ, ಸಾರುವೆಯನ್ನು ಮೇಲೆ ಏರಿಸುತ್ತಿದ್ದರು. ಹಾಗಾಗಿ ತೂತಿನ ಒಂದು ಸಾಲಿಗೂ ಮುಂದಿನದಕ್ಕೂ ಸಾಮಾನ್ಯವಾಗಿ ಒಂದೂಕಾಲು, ಒಂದೂವರೆ ಮೀಟರ್. ಒಬ್ಬ ಮನುಷ್ಯನ ಎದೆಯೆತ್ತರ. ಎರಡು ಸಾವಿರ ವರ್ಷದ ಹಿಂದಿನ ಒಬ್ಬ ಮೇಸ್ತ್ರಿಯ ಕೈ ಎಲ್ಲಿಯ ತನಕ ಹೋಗುತ್ತಿತ್ತು ಅಂತ ಟೇಪಿನಲ್ಲಿ ಅಳೆಯಬಹುದು. ನನಗಂತೂ ಇಡೀ ಗೋಡೆಯಲ್ಲಿ ಇಷ್ಟವಾಗುವುದು ಇದೇ.

ಬಹಳ ಕಡೆ ತೂತಿನ ಸಾಲಿನ ಹತ್ತಿರವೇ ಬೇರೆ ಬಣ್ಣದ, ಉದ್ದುದ್ದ ಇಟ್ಟಿಗೆಯ ಒಂದು ವರಸೆ ಓಡಿರುತ್ತದೆ. ಅವು ಎರಡಡಿಯ ಬಿಪೆಡಾಲಿಸ್. ಇವು ಚರ್ಮದಲ್ಲಿ ನಿಲ್ಲದೆ ಗೋಡೆಯ ದಪ್ಪದ ಒಳಕ್ಕೂ ಹೋಗುತ್ತವೆ. ಯಾಕೆ ಅನ್ನುವುದರಲ್ಲಿ ವಿದ್ವಾಂಸರಿಗೆ ಒಮ್ಮತವಿಲ್ಲ. ಮಟ್ಟ ಸರಿಮಾಡಿಕೊಳ್ಳಲು, ಒಂದು ಹಂತದ ಕೆಲಸ ಮುಚ್ಚಲು, ಎರಡು ಚರ್ಮವನ್ನು ಕಟ್ಟಿಹಾಕಲು, ಹೀಗೆ ಹಲವು ಮಾತಿದೆ. ನನ್ನ ಓಟು ಮಟ್ಟಕ್ಕೆ. ಗೋಡೆ ಕಟ್ಟಿಸಿದವರಿಗೆ ಗೊತ್ತು, ನಾಲ್ಕಡಿಗೊಮ್ಮೆ ಮಟ್ಟ ನೋಡದಿದ್ದರೆ ಮೇಲೆ ಹೋದ ಹಾಗೆ ಏನಾಗುತ್ತದೆ ಅಂತ.

ಚಿಕ್ಕ ತೂತುಗಳು ಚೆಲ್ಲಾಪಿಲ್ಲಿಯಾಗಿದ್ದರೆ ಅವು ಅಮೃತಶಿಲೆಯ ಹಲಗೆ ಹಿಡಿದಿಟ್ಟ ಕೊಕ್ಕೆಗಳದ್ದು. ಸೈಜುಗಲ್ಲಿನ ಗೋಡೆಯಲ್ಲಿ ಸಂದಿನ ಮೇಲೆ ಕೆತ್ತಿ ಹಾಕಿದ ಒರಟು ಗುಂಡಿ ಕಂಡರೆ ಅದು ಕಳ್ಳತನದ ಗುರುತು. ಕಲ್ಲಿಗೆ ಕಲ್ಲು ಬಿಗಿಯಲು ಕಬ್ಬಿಣದ ಪಟ್ಟಿ ಇಟ್ಟು ಸೀಸ ಹುಯ್ಯುತ್ತಿದ್ದರು. ಮುಂದಿನ ಕಾಲದವರು ಆ ಲೋಹಕ್ಕಾಗಿ ಅಗೆದರು. ಕೊಲೊಸಿಯಂ ಮೈಯೆಲ್ಲ ಸಿಡುಬಿನ ಕಲೆ ಬಿದ್ದಂತೆ ಕಾಣುವುದು ಅದಕ್ಕೇ.

ಹೆಜ್ಜೆ 5: ಗಾರೆಯ ಹತ್ತಿರ ಮುಖ ಒಡ್ಡಿ

ಬರೀ ಸುಣ್ಣ ಮರಳಿನ ಗಾರೆ ಗಟ್ಟಿಯಾಗುವುದು ಗಾಳಿಯಿಂದ. ಸುಣ್ಣ ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡ್ ಹೀರಿಕೊಂಡು ಮತ್ತೆ ಕಲ್ಲಾಗುತ್ತದೆ. ಆದರೆ ರೋಮ್‌ನ ದೊಡ್ಡ ಗುಮ್ಮಟದ ಗುಡಿ ಪ್ಯಾಂಥಿಯಾನ್‌ನ ಗೋಡೆ ಸುಮಾರು 6 ಮೀಟರ್ ದಪ್ಪ. ನಡುವಿಗೆ ಗಾಳಿ ಹೋಗಬೇಕಲ್ಲ? ಬರೀ ಸುಣ್ಣವಾಗಿದ್ದರೆ ಒಳಗೆ ಬಹಳ ಕಾಲ ಮೆತ್ತಗೇ ಉಳಿಯುತ್ತಿತ್ತು.

ಇಲ್ಲಿ ಕೆಲಸ ಮಾಡಿದ್ದು ಜ್ವಾಲಾಮುಖಿಯ ಬೂದಿ, ಪೊಝೊಲಾನಾ. ನೇಪಲ್ಸ್ ಹತ್ತಿರದ ಪೊಝ್ಝುವೋಲಿ ಊರಿನಿಂದ ಆ ಹೆಸರು. ಈ ಬೂದಿಯಲ್ಲಿರುವ ಸಿಲಿಕಾ, ಅಲ್ಯೂಮಿನಾ ಸುಣ್ಣದ ಜೊತೆ ನೀರಿನಲ್ಲೇ ಬೆರೆತು ಗಟ್ಟಿಯಾಗುತ್ತವೆ. ಗಾಳಿ ಬೇಡ. ಸಮುದ್ರದ ಒಳಗೂ ಗಟ್ಟಿಯಾಗುತ್ತದೆ. ರೋಮ್ ಊರಿನ ಗೋಡೆಗಳಿಗೆ ಹತ್ತಿರದ ಆಲ್ಬನ್ ಬೆಟ್ಟಗಳ ಜ್ವಾಲಾಮುಖಿ ಉಗುಳಿದ ಬೂದಿಯೇ ಸಿಕ್ಕಿತು. ಅದಕ್ಕೇ ಅಲ್ಲಿನ ಗಾರೆಯಲ್ಲಿ ಕೆಂಪು, ನೇರಳೆ, ಕಪ್ಪು ಹರಳು ಕಾಣುತ್ತವೆ.

ವಿಟ್ರೂವಿಯಸ್ ಕೊಟ್ಟ ಲೆಕ್ಕ ಹೀಗಿದೆ. ಗಣಿಯ ಮರಳಾದರೆ ಮೂರು ಪಾಲಿಗೆ ಒಂದು ಪಾಲು ಸುಣ್ಣ. ಹೊಳೆಯ ಅಥವಾ ಸಮುದ್ರದ ಮರಳಾದರೆ ಎರಡಕ್ಕೆ ಒಂದು. ಆಗ ಸುಟ್ಟ ಮಣ್ಣಿನ ಪುಡಿಯನ್ನು ಮೂರನೇ ಒಂದು ಪಾಲು ಸೇರಿಸಿದರೆ ಇನ್ನೂ ಒಳ್ಳೆಯದು. ಈ ಕೊನೆಯ ಮಾತು ನಮಗೆ ಹೊಸದಲ್ಲ. ನಮ್ಮ ಸುರ್ಕಿ ಅದೇ ತಾನೆ? ಕನ್ನಂಬಾಡಿ ಕಟ್ಟೆಗೆ ಸಿಮೆಂಟಿನ ಬದಲು ಹಾಕಿದ್ದು ಸುಣ್ಣ ಸುರ್ಕಿಯ ಗಾರೆ. ಸುಟ್ಟ ಜೇಡಿಮಣ್ಣಿನ ಪುಡಿ ಸುಣ್ಣದ ಜೊತೆ ಮಾಡುವ ಕೆಲಸವೂ ಬೂದಿಯದರ ಜಾತಿಯದೇ. ರೋಮನ್ನರ ನೀರಿನ ತೊಟ್ಟಿ, ಸ್ನಾನದ ಮನೆಗಳ ಗಿಲಾವು ಗುಲಾಬಿ ಬಣ್ಣ ಇದ್ದರೆ ಅದು ಈ ಪುಡಿಯದ್ದು.

ಗಾರೆಯಲ್ಲಿ ಸಾಸಿವೆಯಷ್ಟು, ಕಡಲೆಯಷ್ಟು ಬಿಳಿ ಗಂಟು ಹುಡುಕಿ. ಸರಿಯಾಗಿ ಕಲಸದೆ ಉಳಿದ ಸುಣ್ಣ ಅಂತ ಬಹಳ ದಿನ ಅಂದುಕೊಂಡಿದ್ದರು. 2023ರಲ್ಲಿ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಅದ್ಮಿರ್ ಮಾಸಿಚ್ ಮತ್ತು ಜೊತೆಗಾರರು ಪ್ರಿವೆರ್ನಮ್ ಊರಿನ ಕೋಟೆಗೋಡೆಯ ಚೂರು ಪರೀಕ್ಷಿಸಿ ಬೇರೆ ಮಾತು ಹೇಳಿದರು. ಸುಟ್ಟ ಸುಣ್ಣವನ್ನು ಮೊದಲು ನೀರು ಹಾಕಿ ಅರಳಿಸದೆ ನೇರವಾಗಿ ಬೂದಿಗೆ ಹಾಕಿ, ಬಿಸಿಯಲ್ಲೇ ಕಲಸಿದ್ದರಿಂದ ಈ ಗಂಟು ಆಯಿತು. ಬಿರುಕಿಗೆ ನೀರು ಇಳಿದಾಗ ಗಂಟು ಕರಗಿ ಬಿರುಕನ್ನು ಮುಚ್ಚುತ್ತದೆ. ಅವರು ಹಾಗೆ ತಯಾರಿಸಿದ ತುಂಡಿನಲ್ಲಿ ಅರ್ಧ ಮಿಲಿಮೀಟರಿನ ಬಿರುಕು ಎರಡು ವಾರದಲ್ಲಿ ಮುಚ್ಚಿ ನೀರು ನಿಂತಿತು. ವಿಟ್ರೂವಿಯಸ್ ಮಾತ್ರ ಅರಳಿದ ಸುಣ್ಣದ ಬಗ್ಗೆಯೇ ಬರೆದಿದ್ದಾನೆ. ಪುಸ್ತಕ ಒಂದು, ಕೆಲಸದ ಜಾಗ ಇನ್ನೊಂದು. ಮನೆಯಲ್ಲಿ ಇದನ್ನು ಮಾಡಿ ನೋಡಲು ಹೋಗಬೇಡಿ, ಸುಟ್ಟ ಸುಣ್ಣಕ್ಕೆ ನೀರು ಬಿದ್ದರೆ ಕೊತಕೊತ ಕುದಿದು ಕಣ್ಣಿಗೆ ಹಾರುತ್ತದೆ.

ಹೆಜ್ಜೆ 6: ಗೋಡೆಯೊಳಗಿನ ಕಮಾನು

ಬಾಗಿಲು ಕಿಟಕಿ ಯಾವುದೂ ಇಲ್ಲದ ಕಡೆ ಇಟ್ಟಿಗೆಯ ಕಮಾನು ಕಂಡರೆ ಗಾಬರಿ ಬೇಡ. ಕಮಾನಿನ ಒಳಗಿನ ಇಟ್ಟಿಗೆ ಸುತ್ತಲಿನದರ ಹಾಗೇ ಇದ್ದು, ವರಸೆಗಳು ಒಂದೇ ಮಟ್ಟದಲ್ಲಿದ್ದರೆ ಅದು ಮೊದಲಿಂದಲೂ ಮುಚ್ಚಿಯೇ ಕಟ್ಟಿದ್ದು. ಮೇಲಿನ ಭಾರವನ್ನು ಎರಡು ಪಕ್ಕದ ಗಟ್ಟಿ ಭಾಗಕ್ಕೆ ಸರಿಸಲು. ಪ್ಯಾಂಥಿಯಾನಿನ ಹಿಂದಿನ ಬೀದಿಯಲ್ಲಿ ನಿಂತು ಮೇಲೆ ನೋಡಿದರೆ ಇಂಥವು ಸಾಲಾಗಿ ಸಿಗುತ್ತವೆ. ಒಳಗಿನ ಇಟ್ಟಿಗೆಯ ಬಣ್ಣ, ಮಟ್ಟ ಬೇರೆಯಾಗಿದ್ದರೆ ಮಾತ್ರ ಅದು ಆಮೇಲೆ ಮುಚ್ಚಿದ ಬಾಗಿಲು.

ಹೆಜ್ಜೆ 7: ಮುದ್ರೆ

ಇಟ್ಟಿಗೆ ಹಸಿಯಿರುವಾಗ ಗೂಡಿನವರು ಮುದ್ರೆ ಒತ್ತುತ್ತಿದ್ದರು, ಹೆಚ್ಚಾಗಿ ದೊಡ್ಡ ಇಟ್ಟಿಗೆಗಳಿಗೆ. ಚಂದ್ರನ ಆಕಾರ, ಒಳಗೆ ಅಕ್ಷರ. ಜಮೀನಿನ ಒಡೆಯರ ಹೆಸರು, ಗೂಡಿನ ಹೆಸರು, ಕೆಲವು ಸಲ ಆ ವರ್ಷದ ಕಾನ್ಸುಲ್‌ಗಳ, ಅಂದರೆ ವರ್ಷಕ್ಕೆ ಆ ಹೆಸರೇ ಗುರುತಾಗಿದ್ದ ದೊಡ್ಡ ಅಧಿಕಾರಿಗಳ, ಹೆಸರೂ ಇರುತ್ತದೆ. ಒಡೆಯರಲ್ಲಿ ದೊಡ್ಡ ಮನೆತನದ ಹೆಂಗಸರೂ ಇದ್ದರು. ಚಕ್ರವರ್ತಿ ಮಾರ್ಕಸ್ ಔರೇಲಿಯಸ್‌ನ ತಾಯಿ ಡೊಮಿಷಿಯಾ ಲೂಸಿಲ್ಲಾ ಅವರಲ್ಲೊಬ್ಬಳು. ಕ್ರಿ.ಶ. 123ರ ಕಾನ್ಸುಲ್‌ಗಳಾದ ಪೇಟಿನಸ್ ಮತ್ತು ಅಪ್ರೋನಿಯಾನಸ್ ಹೆಸರಿನ ಮುದ್ರೆ ಎಷ್ಟು ಸಿಗುತ್ತದೆ ಅಂದರೆ, ಆ ವರ್ಷ ಇಡೀ ರೋಮ್ ಇಟ್ಟಿಗೆ ಸುಡುತ್ತಿತ್ತೇನೋ ಅನಿಸುತ್ತದೆ.

ಪ್ಯಾಂಥಿಯಾನ್ ಬಾಗಿಲ ಮೇಲೆ ಚಕ್ರವರ್ತಿ ಆಗಸ್ಟಸ್‌ನ ಬಲಗೈ ಬಂಟ ಅಗ್ರಿಪ್ಪ ಕಟ್ಟಿಸಿದ ಅಂತ ದೊಡ್ಡ ಅಕ್ಷರದಲ್ಲಿ ಬರೆದಿದೆ. ಅಂದರೆ ಕ್ರಿ.ಪೂ. 27ರ ಸುಮಾರು. ಎಲ್ಲರೂ ನಂಬಿದ್ದರು. 1892ರಲ್ಲಿ ಫ್ರೆಂಚ್ ವಾಸ್ತುಶಿಲ್ಪಿ ಜಾರ್ಜ್ ಶೆಡಾನ್ ಇಟ್ಟಿಗೆಯ ಮುದ್ರೆ ನೋಡಿದಾಗ ಅವು ಕ್ರಿ.ಶ. 2ನೇ ಶತಮಾನದವು. ಬಾಗಿಲ ಮೇಲಿನ ಹೆಸರು ಹಳೆಯ ಕಟ್ಟಡದ್ದು, ಮೈ ಹೊಸದು.

ಹಾಗಂತ ಮುದ್ರೆಯನ್ನೂ ಕಣ್ಣು ಮುಚ್ಚಿ ನಂಬಬೇಡಿ. ಕ್ರಿ.ಶ. 271ರಲ್ಲಿ ಚಕ್ರವರ್ತಿ ಔರೇಲಿಯನ್ ಅವಸರದಲ್ಲಿ ಸುಮಾರು 19 ಕಿ.ಮೀ. ಕೋಟೆಗೋಡೆ ಎಬ್ಬಿಸಲು ಹೊರಟಾಗ ಹಳೆಯ ಕಟ್ಟಡಗಳ ಇಟ್ಟಿಗೆಯನ್ನೇ ಕಿತ್ತು ತಂದರು. ಇಟ್ಟಿಗೆಯ ವಯಸ್ಸು ಬೇರೆ, ಗೋಡೆಯ ವಯಸ್ಸು ಬೇರೆ.

ಹೆಜ್ಜೆ 8: ನಿನ್ನೆ ಮೊನ್ನೆಯ ರಿಪೇರಿ ಬೇರೆ ಮಾಡಿ

ಗೋಡೆಯ ತಲೆ ನೋಡಿ. ಮಳೆ ನೀರು ಇಳಿಯದಂತೆ ಈಚಿನವರು ಹಾಕಿದ ಗಾರೆಯ ಟೋಪಿ ಇರುತ್ತದೆ. ಇಟ್ಟಿಗೆಯ ಅಂಚು ತೀರ ಚೂಪಾಗಿದ್ದು, ಬಣ್ಣ ಒಂದೇ ಸಮ ಇದ್ದರೆ ಅನುಮಾನಪಡಿ. ಎಷ್ಟೋ ರಿಪೇರಿಯಲ್ಲಿ ಹೊಸ ಭಾಗವನ್ನು ಬೇಕೆಂದೇ ಒಂದೆರಡು ಬೆರಳು ಒಳಗೆ ಸರಿಸಿರುತ್ತಾರೆ, ಗೊತ್ತಾಗಲಿ ಅಂತ.

ಒಂದು ದಿನದಲ್ಲಿ ಎಲ್ಲವನ್ನೂ ನೋಡಲು

ಮೆಟ್ರೊ ಬಿ ಲೈನಿನ ಪಿರಾಮಿಡೆ ಸ್ಟೇಷನ್ನಿನಲ್ಲಿ ಇಳಿಯಿರಿ. ಹೊರಗೆ ಬಂದರೆ ಎದುರಿಗೇ ಔರೇಲಿಯನ್ ಗೋಡೆ, ಅದರಲ್ಲಿ ಸಿಕ್ಕಿಕೊಂಡ ಸೆಸ್ಟಿಯಸ್‌ನ ಪಿರಮಿಡ್. ಕ್ರಿ.ಪೂ. 1ನೇ ಶತಮಾನದ ಸಮಾಧಿ ಅದು. ಒಳಗೆ ಕಾಂಕ್ರೀಟು, ಮೇಲೆ ಬಿಳಿ ಅಮೃತಶಿಲೆ. ಕೋಟೆ ಕಟ್ಟುವವರು ಒಡೆಯುವ ಬದಲು ಅದನ್ನೇ ಗೋಡೆಯ ಭಾಗ ಮಾಡಿಕೊಂಡರು. ಪಕ್ಕದ ಪೋರ್ಟಾ ಸಾನ್ ಪಾವೊಲೊ ಸ್ಟೇಷನ್ನಿನಿಂದ ರೋಮ್‌ನ ಹಳೆಯ ಬಂದರಿನ ಪಾಳು ಊರು ಓಸ್ತಿಯಾ ಆಂಟಿಕಾಗೆ ಅರ್ಧ ಗಂಟೆಯ ಟ್ರೈನು.

ಗೋಡೆ ಕಲಿಯಲು ರೋಮ್‌ಗಿಂತ ಓಸ್ತಿಯಾ ಒಳ್ಳೆಯದು ಅಂತ ನನ್ನ ಅಭಿಪ್ರಾಯ. ಜನ ಕಡಿಮೆ, ಗೋಡೆ ಜಾಸ್ತಿ. ಊರ ನಡುವೆ ಹಳೆಯ ಪಾಳೆಯದ ಟಫ್ ಸೈಜುಗಲ್ಲು ಇದೆ. ಬಲೆಗೋಡೆ, ಮಿಶ್ರಗೋಡೆ, ಪೂರ್ತಿ ಇಟ್ಟಿಗೆಯ ಗೋಡೆ ಎಲ್ಲ ಕಾಲ್ನಡಿಗೆಯ ದೂರದಲ್ಲಿವೆ. ಕ್ರಿ.ಶ. 120ರ ಸುಮಾರಿನ ಕ್ಯಾಪಿಟೋಲಿಯಮ್ ಎತ್ತರಕ್ಕೆ ನಿಂತ ಇಟ್ಟಿಗೆಯ ಗುಡಿ, ಅಮೃತಶಿಲೆಯನ್ನೆಲ್ಲ ಕಿತ್ತುಕೊಂಡು ಹೋಗಿದ್ದಾರೆ. ಅಲ್ಲಿ ಕೊಕ್ಕೆಯ ತೂತು ಹುಡುಕಿ.

ಈ ಇಟ್ಟಿಗೆ ಕೆಲಸ ಆಗಿನ ಜನರ ಕಣ್ಣಿಗೆ ಬೀಳುತ್ತಿದ್ದದ್ದೇ ಕಡಿಮೆ. ಬಹುಪಾಲು ಗಿಲಾವಿನ ಕೆಳಗೋ ಅಮೃತಶಿಲೆಯ ಹಿಂದೋ ಮುಚ್ಚಿಹೋಗುತ್ತಿತ್ತು. ವಿಟ್ರೂವಿಯಸ್ ಒಳ್ಳೆಯ ಗಿಲಾವಿಗೆ ಮರಳಿನ ಮೂರು ಪದರ, ಅಮೃತಶಿಲೆಯ ಪುಡಿಯ ಮೂರು ಪದರ ಹೇಳುತ್ತಾನೆ. ಇಟ್ಟಿಗೆಯನ್ನು ಬೇಕೆಂದೇ ಬರಿಮೈಯಲ್ಲಿ ಬಿಟ್ಟ ಕಡೆ ನೋಡಬೇಕಾದರೆ ಓಸ್ತಿಯಾದ ಹೊರೆಯಾ ಎಪಗಾಥಿಯಾನಾ ಗೋದಾಮಿನ ಬಾಗಿಲಿಗೆ ಹೋಗಿ. ಕಂಬ, ಬೋದಿಗೆ, ಮೇಲಿನ ತ್ರಿಕೋನ ಎಲ್ಲ ಇಟ್ಟಿಗೆಯಲ್ಲೇ. ಸಂದು ಎಷ್ಟು ತೆಳು ಅಂದರೆ ಟೇಪಿನಲ್ಲಿ ಅಳೆಯಲು ಕಷ್ಟ. ಮೊದಲು ಬೇರೆ ಯಾವುದಾದರೂ ಗೋಡೆಯಲ್ಲಿ ಐದು ಇಟ್ಟಿಗೆ, ಐದು ಸಂದು ಅಳೆದು ಬರೆದಿಟ್ಟುಕೊಂಡು, ಆಮೇಲೆ ಇಲ್ಲಿಗೆ ಬಂದು ಹೋಲಿಸಿ. ಸೋಮವಾರ ಮಾತ್ರ ಹೋಗಬೇಡಿ, ಅವತ್ತು ಓಸ್ತಿಯಾಗೆ ರಜೆ.